ಸಾಧಾರಣ ರೇಡರ್ ಸಾಕೇನು?

ಶಹಾಪುರ, ಸುರಪುರ, ಯಾದಗಿರಿ ಕಡೆ ಊರ ಜಾತ್ರೆಯ ಕಬಡ್ಡಿ ನೋಡಲು ನಿಂತರೆ, ಗೆರೆಯಾಚೆ ಕೂತವರೆಲ್ಲ ಒಬ್ಬನ ಹೆಸರು ಹಿಡಿದೇ ಕೂಗುತ್ತಿರುತ್ತಾರೆ. ಅವನು ಆ ತಂಡದ ದೊಡ್ಡ ರೇಡರ್. ಹೊಸಬರ ಕಣ್ಣೂ ಅವನ ಮೇಲೇ ನೆಟ್ಟಿರುತ್ತದೆ. ಸ್ವಲ್ಪ ಹೊತ್ತು ಅವನನ್ನು ಬಿಡಿ, ಎದುರು ನಿಂತ ಏಳು ಜನರ ಕಾಲು ನೋಡಿ.

ಜನ "ಹಿಡೀರಲೇ" ಅನ್ನುವ ಮುಂಚೆಯೇ ಸಾಲಿನ ತುದಿಯಲ್ಲಿ ನಿಂತ ಕಾರ್ನರ್‌ನವನು ಬಗ್ಗಿರುತ್ತಾನೆ. ರೇಡರ್ ಒಂದು ಕಾಲು ಮುಂದೆ ಚಾಚಿ ಹಿಂತೆಗೆಯುವ ಗಳಿಗೆಗೇ ಅವನು ಕಾದಿರುವುದು. ಹಿಮ್ಮಡಿಗೆ ಕೈ ಬಿತ್ತೋ, ಸಾಲಿನ ಒಳಗೆ ನಿಂತ ಕವರ್‌ನವನು ಮೈಮೇಲೆ ಬಂದು ನಡುಗೆರೆಯ ದಾರಿ ಕಟ್ಟುತ್ತಾನೆ. ಮ್ಯಾಟ್ ಮೇಲೆ ಇದು ಚಕ್ಕನೆ ಮುಗಿದುಹೋಗುತ್ತದೆ. ಮಣ್ಣಿನ ಅಂಗಳದಲ್ಲಾದರೆ ಯಾವ ಕಾಲು ಊರಿದ ಅನ್ನುವುದನ್ನು ಎದ್ದ ದೂಳೇ ಹೇಳುತ್ತದೆ.

ಇನ್ನು ನಿಯಮ. ಒಂದು ರೇಡಿಗೆ 30 ಸೆಕೆಂಡು. ಎರಡು ಸಲ ಬರಿಗೈಲಿ ಬಂದರೆ ಮೂರನೆಯದರಲ್ಲಿ ಪಾಯಿಂಟ್ ತರಲೇಬೇಕು, ಇಲ್ಲವೇ ಔಟ್. ಔಟಾದವನು ಹೊರಗೆ ಕೂರಬೇಕು. ತನ್ನವರು ಎದುರಾಳಿಯೊಬ್ಬನನ್ನು ಔಟ್ ಮಾಡಿದರಷ್ಟೇ ಒಬ್ಬ ಒಳಗೆ ಬರುತ್ತಾನೆ. ಬೋನಸ್ ಗೆರೆ ದಾಟಿ ತಂದ ಪಾಯಿಂಟಿಗೆ ಹೊರಗೆ ಕೂತವರು ಯಾರೂ ಏಳುವುದಿಲ್ಲ. ಸಾಧಾರಣ ರೇಡರ್‌ನ ಬೆಲೆ ತಿಳಿಯುವುದು ಇಲ್ಲೇ. ದೊಡ್ಡವನು ಹೊರಗೆ ಕೂತಾಗ ಒಂದೇ ಒಂದು ಟಚ್ ತಂದು ಅವನನ್ನು ಎಬ್ಬಿಸುವವನು ಇವನು. ಕೂಗಾಟ ಮಾತ್ರ ಎದ್ದು ಬಂದವನಿಗೆ!

2019ರ ಪ್ರೊ ಕಬಡ್ಡಿಯನ್ನೇ ತೆಗೆದುಕೊಳ್ಳಿ. ನಮ್ಮ ಬೆಂಗಳೂರು ಬುಲ್ಸ್‌ಗೆ ಪವನ್ ಸೆಹ್ರಾವತ್ ಇದ್ದ. ಹರಿಯಾಣ ಸ್ಟೀಲರ್ಸ್ ಮೇಲೆ ಒಂದೇ ಪಂದ್ಯದಲ್ಲಿ 39 ರೇಡ್ ಪಾಯಿಂಟ್ ಹೊಡೆದ. ಆದರೂ ಬುಲ್ಸ್ ಸೆಮಿಫೈನಲ್‌ನಲ್ಲಿ ದಬಂಗ್ ದೆಲ್ಲಿಗೆ ಸೋತಿತು. ಫೈನಲ್‌ನಲ್ಲಿ ಅದೇ ದೆಲ್ಲಿಗೆ ಎದುರಾದ ಬೆಂಗಾಲ್ ವಾರಿಯರ್ಸ್‌ನಲ್ಲಿ ನಾಯಕ, ಮುಖ್ಯ ರೇಡರ್ ಮಣಿಂದರ್ ಸಿಂಗ್ ಗಾಯಗೊಂಡು ಆಡಲೇ ಇಲ್ಲ. ದೆಲ್ಲಿಯ ನವೀನ್ ಕುಮಾರ್ ಒಬ್ಬನೇ 18 ಪಾಯಿಂಟ್ ತಂದ. ಗೆದ್ದದ್ದು ಬೆಂಗಾಲ್, 39-34. ಕೋಚ್ ಯಾರು? ನಮ್ಮ ಕರ್ನಾಟಕದ ಬಿ.ಸಿ. ರಮೇಶ್.

ಹಾಗಂತ ದೊಡ್ಡ ರೇಡರ್ ಬೇಡವೇ ಬೇಡ ಅನ್ನುವ ಹಾಗಿಲ್ಲ. ಅದೇ ವರ್ಷದ ಜನವರಿಯಲ್ಲಿ ಮುಗಿದ ಹಿಂದಿನ ಆವೃತ್ತಿಯಲ್ಲಿ ಬುಲ್ಸ್ ಕಪ್ ಎತ್ತಿದ್ದು ಪವನ್ ಫೈನಲ್‌ನಲ್ಲಿ ತಂದ 22 ಪಾಯಿಂಟಿನ ಬಲದಿಂದ. ಆದರೆ ಎರಡೂ ಕಾರ್ನರ್ ಗಟ್ಟಿಯಿರುವ ತಂಡಕ್ಕೆ, ಸಿಕ್ಕಿಬೀಳದೆ ವಾಪಸು ಬರುವ ಸಾಧಾರಣ ರೇಡರ್ ಧಾರಾಳ ಸಾಕು ಅನ್ನುವವನು ನಾನು. ಕಾರ್ನರ್ ಸಡಿಲವಿದ್ದರೆ ಎಂಥ ರೇಡರ್ ತಂದ ಪಾಯಿಂಟೂ ಹಿಂದಿನಿಂದ ಸೋರಿಹೋಗುತ್ತದೆ.

ಮುಂದಿನ ಸಲ ಪಂದ್ಯಕ್ಕೆ ಹೋದಾಗ ಎರಡು ಖಾಲಿ ರೇಡ್ ಆಗುವವರೆಗೆ ಕಾಯಿರಿ. ಮೂರನೆಯದಕ್ಕೆ ನಾಯಕ ತನ್ನ ದೊಡ್ಡ ರೇಡರ್‌ನನ್ನು ಹಿಂದೆ ನಿಲ್ಲಿಸಿ ಎರಡನೆಯವನನ್ನು ಕಳಿಸಿದರೆ, ಆ ನಾಯಕನಿಗೆ ಲೆಕ್ಕ ಗೊತ್ತು.