ನಿಶ್ಶಸ್ತ್ರ ಹೋರಾಟದ ಮನೆ: ನಾಗಮ್ಮೈ, ಕಣ್ಣಮ್ಮಾಳ್ ಕುರಿತ ಪಠ್ಯಗಳ ಮರುಓದು

ಮಹಿಳೆಯರ ಶಾಂತಿ ಚಳವಳಿಯ ಚರಿತ್ರೆಯನ್ನು 1915ರ ಹೇಗ್ ಮಹಿಳಾ ಸಮ್ಮೇಳನದಿಂದ ಆರಂಭಿಸುವುದು ವಾಡಿಕೆ. ಮಹಾಯುದ್ಧ ನಡೆಯುತ್ತಿರುವಾಗಲೇ ಸಾವಿರಕ್ಕೂ ಹೆಚ್ಚು ಮಹಿಳೆಯರು ಅಲ್ಲಿ ಕಲೆತು ನಿಶ್ಶಸ್ತ್ರೀಕರಣವನ್ನು ಒತ್ತಾಯಿಸಿದರು. ನಿರ್ಣಯವೂ ಸಂಸ್ಥೆಯೂ ಇದ್ದಲ್ಲಿ ಮಾತ್ರ ಸಂಘಟನೆಯುಂಟೆಂಬ ಗ್ರಹಿಕೆ ಇಂಥ ಚರಿತ್ರೆಯ ಹಿಂದಿದೆ. ಈ ಅಳತೆಗೋಲಿಗೆ ಸಿಗದ ಒಂದು ಪ್ರಕರಣ ಕೊಂಗುನಾಡಿನಲ್ಲಿದೆ.

1921ರಲ್ಲಿ ಅಸಹಕಾರ ಚಳವಳಿಯ ಅಂಗವಾಗಿ ಈರೋಡಿನ ಹೆಂಡದಂಗಡಿಗಳ ಮುಂದೆ ಪಿಕೆಟಿಂಗ್ ನಡೆಯಿತು. ಈರೋಡು ಆಗ ಕೊಯಮತ್ತೂರು ಜಿಲ್ಲೆಯ ಊರು. 2009ರಲ್ಲಿ ರೂಪುಗೊಂಡ ತಿರುಪ್ಪೂರು ಜಿಲ್ಲೆಯ ನೆಲವೂ ಬಹುಪಾಲು ಆ ಹಳೆಯ ಜಿಲ್ಲೆಯದೇ. ಪಿಕೆಟಿಂಗಿನ ಮುಂಚೂಣಿಯಲ್ಲಿ ಪೆರಿಯಾರರ ಪತ್ನಿ ನಾಗಮ್ಮೈ, ತಂಗಿ ಕಣ್ಣಮ್ಮಾಳ್ ಇದ್ದರು. ಮದ್ಯವಿರೋಧವನ್ನು ನಿಶ್ಶಸ್ತ್ರೀಕರಣವೆಂದು ಕರೆಯಲಾಗದು, ನಿಜ. ಆದರೆ ಆಯುಧ ಹಿಡಿಯದೆ, ಪ್ರತಿಹಿಂಸೆಗಿಳಿಯದೆ ಅಧಿಕಾರಕ್ಕೆ ಎದುರಾಗಿ ನಿಲ್ಲುವ ಅಭ್ಯಾಸವಿಲ್ಲದೆ ನಿಶ್ಶಸ್ತ್ರೀಕರಣವು ಬರಿಯ ನಿರ್ಣಯವಾಗಿಯೇ ಉಳಿಯುತ್ತದೆ.

ಈ ಇಬ್ಬರನ್ನು ಲೋಕಕ್ಕೆ ಪರಿಚಯಿಸಿದ್ದು ಮುಖ್ಯವಾಗಿ ಇಬ್ಬರು ಪುರುಷರ ಮಾತು. ಚಳವಳಿಯನ್ನು ನಿಲ್ಲಿಸುವುದು ತಮ್ಮ ಕೈಯಲ್ಲಿಲ್ಲ, ಈರೋಡಿನ ಇಬ್ಬರು ಹೆಂಗಸರ ಕೈಯಲ್ಲಿದೆ ಎಂಬ ಆಶಯದ, ಗಾಂಧಿಯವರದೆನ್ನಲಾಗುವ ಮಾತು ಒಂದು. ಅದು ಮೆಚ್ಚುಗೆಯೇ ಸರಿ. ಆದರೆ ಅದರಲ್ಲಿ ಹೆಸರುಗಳಿಲ್ಲ.

ಎರಡನೆಯದು 1933ರ ಮೇ ತಿಂಗಳಲ್ಲಿ ನಾಗಮ್ಮೈ ತೀರಿಕೊಂಡಾಗ ಪೆರಿಯಾರರು ‘ಕುಡಿಅರಸು’ ಪತ್ರಿಕೆಯಲ್ಲಿ ಬರೆದ ಲೇಖನ. ತಾವು ಬೋಧಿಸಿದ ಸ್ತ್ರೀ ಸ್ವಾತಂತ್ರ್ಯವನ್ನು ಪತ್ನಿಯ ವಿಷಯದಲ್ಲಿ ಆಚರಿಸಲಿಲ್ಲವೆಂದು ಅವರು ಅಲ್ಲಿ ಒಪ್ಪಿಕೊಳ್ಳುತ್ತಾರೆ. ಭಾರತೀಯ ಸಾರ್ವಜನಿಕ ಗದ್ಯದಲ್ಲಿ ಇಂಥ ನಿಷ್ಠುರ ಆತ್ಮವಿಮರ್ಶೆ ವಿರಳ. ಆದರೆ ಅದೇ ಲೇಖನವು ಆಕೆಯ ಅಗಲಿಕೆಯನ್ನು ಸಂಸಾರದ ಹೊರೆಯಿಂದ ದೊರೆತ ಬಿಡುಗಡೆಯೆಂದೂ ಕಾಣುತ್ತದೆ. ವಿಮರ್ಶೆ ತಡೆದು ನಿಲ್ಲಬೇಕಾದುದು ಇಲ್ಲಿ. ಪೆರಿಯಾರರಿಗೆ ಸಂಸಾರವು ಸಾರ್ವಜನಿಕ ಕಾರ್ಯಕ್ಕೆ ತೊಡಕು. ನಾಗಮ್ಮೈಗೆ ಅದೇ ಸಾಧನ. ಬಂದವರಿಗೆ ಅನ್ನವಿಕ್ಕಿದ ಮನೆ, ಅತ್ತಿಗೆ–ನಾದಿನಿಯರ ನಂಟು, ನೆರೆಯ ಹೆಂಗಸರ ವಿಶ್ವಾಸ: ಇವು ಹೋರಾಟದ ಹಿನ್ನೆಲೆಯಲ್ಲ, ಅದರ ಕಟ್ಟಡವೇ. 1924ರಲ್ಲಿ ವೈಕಂ ಸತ್ಯಾಗ್ರಹಕ್ಕೆ ಹೋದ ನಾಗಮ್ಮೈಯನ್ನೂ, 1933ರ ‘ಕುಡಿಅರಸು’ ಸಂಪಾದಕೀಯವೊಂದಕ್ಕಾಗಿ ಪ್ರಕಾಶಕಿಯಾಗಿ ಅಣ್ಣನೊಡನೆ ಸೆರೆವಾಸ ಅನುಭವಿಸಿದ ಕಣ್ಣಮ್ಮಾಳರನ್ನೂ ಬರಿಯ ‘ಪತ್ನಿ’, ‘ತಂಗಿ’ ಎಂಬ ಪದಗಳು ವಿವರಿಸಲಾರವು.

ಭಾಷೆಯ ಪ್ರಶ್ನೆಯೂ ಇದಕ್ಕೆ ಹೊಂದಿಕೊಂಡಿದೆ. ಪೆರಿಯಾರರು ತಾವು ಕನ್ನಡಿಗರೆಂದು ಹೇಳಿಕೊಂಡವರು. ಆದರೆ ಈ ಚಳವಳಿಯ ಅಚ್ಚಾದ ಬರಹ ತಮಿಳಿನದು. ಬರಹವನ್ನೇ ನೆಚ್ಚುವ ಚರಿತ್ರೆಯಲ್ಲಿ ಹೆಣ್ಣಿನ ದುಡಿಮೆಯೂ ಮನೆಮಾತೂ ಒಟ್ಟಿಗೇ ಮರೆಯಾಗುತ್ತವೆ. ಇದನ್ನು ಕನ್ನಡದ ಹೆಮ್ಮೆಯ ವಿಷಯವಾಗಿಸಿದರೆ ಪ್ರಯೋಜನವಿಲ್ಲ. ಅಲ್ಪಸಂಖ್ಯಾತ ಭಾಷೆಯ ಅಧ್ಯಯನಕ್ಕೆ ಇದು ವಿಧಾನದ ಪ್ರಶ್ನೆ.

ಕೊಯಮತ್ತೂರು ಇಂದು ತಮಿಳುನಾಡಿನ ರಕ್ಷಣಾ ಕೈಗಾರಿಕಾ ಕಾರಿಡಾರಿನ ಐದು ಕೇಂದ್ರಗಳಲ್ಲಿ ಒಂದು. ಶಸ್ತ್ರೋದ್ಯಮಕ್ಕೆ ನಕಾಶೆಯೂ ಕಡತವೂ ಇವೆ. ಅದಕ್ಕೆ ಎದುರಾಗಬಹುದಾದ ಶಾಂತಿಯ ಮಾತನ್ನು ಕಡತಗಳಲ್ಲಷ್ಟೇ ಹುಡುಕುವ ಸಂಶೋಧನೆ, ಈರೋಡಿನ ಆ ಮನೆಯನ್ನು ಮತ್ತೊಮ್ಮೆ ಹಾದುಹೋಗುತ್ತದೆ.