ಕಡಗದ ಮೇಲಿನ ಕುಲಚಿಹ್ನೆ

ಆಭರಣವನ್ನು ನಾವು ಸಾಮಾನ್ಯವಾಗಿ ತೂಕದಿಂದ ಅಳೆಯುತ್ತೇವೆ, ಹೆಚ್ಚೆಂದರೆ ಕುಸುರಿಯಿಂದ. ಕೆನಡಾದ ಪಶ್ಚಿಮ ಕರಾವಳಿಯಾಚೆಯ ಹೈಡಾ ಗ್ವಾಯ್ ದ್ವೀಪಗಳ ಮೂಲನಿವಾಸಿಗಳಾದ ಹೈಡಾ ಜನರ ಬೆಳ್ಳಿಯ ಕಡಗಗಳಿಗೆ ಈ ಎರಡು ಅಳತೆಗಳೂ ಸಾಲವು. ಅಲ್ಲಿ ಲೋಹದ ಬೆಲೆ ಗೌಣ. ಕಂಡರಿಸಿದ ಪ್ರಾಣಿಯನ್ನು ತನ್ನದೆನ್ನುವ ಅಧಿಕಾರ ಯಾರಿಗುಂಟು ಎಂಬುದೇ ಮುಖ್ಯ.

ಹೈಡಾ ಸಮಾಜದಲ್ಲಿ ಕಾಡುಕಾಗೆ ಮತ್ತು ಹದ್ದು ಎಂಬ ಎರಡು ಬಣಗಳಿವೆ. ಮದುವೆ ತನ್ನ ಬಣದಾಚೆ ನಡೆಯಬೇಕು. ಮಕ್ಕಳು ತಾಯಿಯ ಬಣಕ್ಕೆ ಸಲ್ಲುವರು. ಪದವಿ ಸೋದರಮಾವನಿಂದ ಅಳಿಯನಿಗೆ ಇಳಿಯುವುದು. ಅಳಿಯಸಂತಾನದ ಕಟ್ಟನ್ನು ಬಲ್ಲ ತುಳುನಾಡಿನ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪ್ರತಿ ಮನೆತನಕ್ಕೂ ತನ್ನದೇ ಚಿಹ್ನೆಗಳುಂಟು: ಬೀವರ್ ಹದ್ದಿನ ಬಣದ ಮನೆತನಗಳದು, ಬೇಟೆಗಾರ ತಿಮಿಂಗಿಲ ಕಾಗೆಯ ಬಣದವರದು. ಹಿಂದೆ ಈ ಚಿಹ್ನೆಗಳು ಹಚ್ಚೆಯಾಗಿ ಮೈಮೇಲಿದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ಮಿಷನರಿಗಳ ಒತ್ತಡದಿಂದ ಹಚ್ಚೆ ಹಿಂದೆ ಸರಿಯಿತು. ಚಿಹ್ನೆ ಮೈಯಿಂದ ಬೆಳ್ಳಿಗೆ ಬಂದಿತು. ವ್ಯಾಪಾರದಲ್ಲಿ ದೊರೆತ ನಾಣ್ಯಗಳನ್ನು ಬಡಿದು ತಗಡಾಗಿಸಿ ಕಡಗ ಮಾಡುತ್ತಿದ್ದರು.

ಈ ಕಲೆಯ ಹಿರಿಯ ಹೆಸರು ಚಾರ್ಲ್ಸ್ ಎಡೆನ್‌ಷಾ. ಸುಮಾರು 1839ರಲ್ಲಿ ಹುಟ್ಟಿ 1920ರಲ್ಲಿ ತೀರಿಕೊಂಡ ಈತ ಹದ್ದಿನ ಬಣದವನು. ನಾಯಕತ್ವ ಇವನಿಗೂ ಸೋದರಮಾವನಿಂದಲೇ ಬಂದದ್ದು. ಇವನ ಕಡಗದಲ್ಲಿ ಪ್ರಾಣಿಯು ಇದ್ದಂತೆ ಚಿತ್ರಿತವಾಗುವುದಿಲ್ಲ. ಮುಖವು ನಡುವೆ ಕೂಡಿ, ದೇಹವು ಎರಡು ಪಾರ್ಶ್ವಗಳಾಗಿ ಬಿಚ್ಚಿ ಮಣಿಕಟ್ಟನ್ನು ಸುತ್ತುತ್ತದೆ. ಗುರುತುಗಳು ಖಚಿತ: ಬೀವರಿಗೆ ಎರಡು ದೊಡ್ಡ ಮುಂಬಲ್ಲು ಮತ್ತು ಅಡ್ಡಗೆರೆಗಳ ಬಾಲ, ಹದ್ದಿಗೆ ಬಾಗಿದ ಕೊಕ್ಕು, ಕಾಗೆಗೆ ನೇರ ಕೊಕ್ಕು, ತಿಮಿಂಗಿಲಕ್ಕೆ ನೆಟ್ಟನೆಯ ಬೆನ್ನುರೆಕ್ಕೆ. ಇವನ್ನೆಲ್ಲ ಒಂದೇ ದೇಹವಾಗಿಸುವುದು ಉಬ್ಬುತ್ತ, ತೆಳುವಾಗುತ್ತ, ಎಲ್ಲಿಯೂ ಕಡಿಯದೆ ಹರಿಯುವ ರೇಖೆ. ಬಿಲ್ ಹೋಮ್ ಎಂಬ ವಿದ್ವಾಂಸರು 1965ರ ತಮ್ಮ ಗ್ರಂಥದಲ್ಲಿ ಈ ರೇಖೆಯ ವ್ಯಾಕರಣವನ್ನು ವಿಶದಪಡಿಸಿದರು. ವ್ಯಾಕರಣ ಬಲ್ಲವರೆಲ್ಲ ಕವಿಗಳಾಗುವುದಿಲ್ಲವಷ್ಟೆ. ಎಡೆನ್‌ಷಾನಲ್ಲಿ ನಿಯಮವು ಬಿಗಿಯಾಗಿದ್ದೂ ಪ್ರಾಣಿ ಉಸಿರಾಡುತ್ತದೆ.

ಇಂತಹ ಕಡಗಗಳು ಪಾಟ್‌ಲ್ಯಾಚ್ ಎಂಬ ಮಹೋತ್ಸವದಲ್ಲಿ ದಾನವಾಗಿ ಸಲ್ಲುತ್ತಿದ್ದವು. ಅಲ್ಲಿ ಆತಿಥೇಯನು ಕೂಡಿಟ್ಟ ಸಂಪತ್ತನ್ನು ಹಂಚುತ್ತಾನೆ. ಸ್ವೀಕರಿಸಿದವರು ಅವನ ಪದವಿಗೂ ಚಿಹ್ನೆಗೂ ಸಾಕ್ಷಿಗಳಾಗುತ್ತಾರೆ. ಕೂಡಿಡುವುದರಿಂದಲ್ಲ, ಕೊಡುವುದರಿಂದ ಹಿರಿಮೆ ಎಂಬ ಈ ವ್ಯವಸ್ಥೆಯನ್ನು ಸರಕಾರವು ದುಂದುಗಾರಿಕೆ ಎಂದು ಕಂಡಿತು. 1885ರಿಂದ 1951ರವರೆಗೆ ಕೆನಡಾದ ಕಾನೂನು ಇದನ್ನು ಅಪರಾಧವೆಂದು ನಿಷೇಧಿಸಿತ್ತು. 1862ರ ಸಿಡುಬಿನಿಂದ ಜನಾಂಗ ಆಗಲೇ ಕುಗ್ಗಿತ್ತು. ಸಾಕ್ಷಿಗಳ ಸಭೆಯೇ ನಿಷಿದ್ಧವಾದಾಗ ಚಿಹ್ನೆಗೆ ಉಳಿದ ಕೆಲವೇ ತಾಣಗಳಲ್ಲಿ ಹೆಂಗಸರ ಮಣಿಕಟ್ಟೂ ಒಂದು.

ಎಡೆನ್‌ಷಾ ಹೊರಗಿನವರಿಗೂ ಕಡಗಗಳನ್ನು ಮಾರಿದನು. ಆದ್ದರಿಂದ ಅವು ಕೇವಲ ಪ್ರವಾಸಿಗಳ ಸರಕು ಎನ್ನುವವರುಂಟು. ಈ ಮಾತು ನನಗೆ ಒಪ್ಪಿಗೆಯಿಲ್ಲ. ಮಾರಾಟದ ಕಡಗದಲ್ಲಿಯೂ ಉಳಿ ಸಡಿಲಗೊಂಡದ್ದು ಕಾಣದು. ಆದರೆ ಕೊಂಡವನಿಗೆ ಬೆಳ್ಳಿಯೂ ರೇಖೆಯೂ ಸಿಕ್ಕಿತೇ ಹೊರತು ಚಿಹ್ನೆಯ ಅಧಿಕಾರ ಸಿಗಲಿಲ್ಲ. ಈ ಭೇದವನ್ನು ಅಳಿಸಿ, ‘ಬುಡಕಟ್ಟಿನ ವಿನ್ಯಾಸ’ ಎಂಬ ಅನಾಮಧೇಯ ಹೆಸರಿನಲ್ಲಿ ಅಚ್ಚೊತ್ತಿದ ನಕಲುಗಳನ್ನು ಮಾರುವ ಅಂಗಡಿಯು ಕುಲವನ್ನೂ ಕಸುಬನ್ನೂ ಏಕಕಾಲಕ್ಕೆ ಕಳೆಯುತ್ತದೆ. ಕಲಾವಿದನ ಹೆಸರು, ಕುಲ ಯಾವುದೆಂದು ಕೇಳುವುದು ಕೊಳ್ಳುವವನ ಕನಿಷ್ಠ ಕರ್ತವ್ಯ.

ನಕಲು ಮಾಡಿದವರೆಲ್ಲ ಅಪಹರಿಸಿದವರಲ್ಲ. ಬಿಲ್ ರೀಡ್ (1920–1998) ಹೈಡಾ ತಾಯಿಯ ಮಗ; ತಾತ ಚಾರ್ಲ್ಸ್ ಗ್ಲ್ಯಾಡ್‌ಸ್ಟನ್ ಎಡೆನ್‌ಷಾನ ಸೋದರಳಿಯ, ತಾನೂ ಬೆಳ್ಳಿಯ ಕೆಲಸಗಾರ. ರೇಡಿಯೋ ಉದ್ಘೋಷಕನಾಗಿದ್ದ ರೀಡ್ ಟೊರಾಂಟೊದಲ್ಲಿ ಆಭರಣದ ಕಸುಬು ಕಲಿತು, ಎಡೆನ್‌ಷಾನ ವಿನ್ಯಾಸಗಳನ್ನು ಗೆರೆಗೆರೆಯಾಗಿ ತಿದ್ದಿಯೇ ಆ ಭಾಷೆಯನ್ನು ಮರಳಿ ಪಡೆದನು. ಮುಂದೆ ಚಿನ್ನದಲ್ಲಿ, ಎರಕದಲ್ಲಿ, ಉಬ್ಬುಚಿತ್ರದಲ್ಲಿ ಆತ ಸಾಧಿಸಿದ್ದು ಬೆರಗು ಹುಟ್ಟಿಸುವಂಥದು. ಆದರೂ ಎಡೆನ್‌ಷಾ ನಾಣ್ಯದ ಬೆಳ್ಳಿಯಲ್ಲಿ ಕೂದಲೆಳೆಯಷ್ಟು ಆಳಕ್ಕೆ ಕೊರೆದ ಗೆರೆಯನ್ನೇ ನಾನು ಹೆಚ್ಚೆನ್ನುತ್ತೇನೆ.