ತಾರಸಿಯ ಆಕಾಶಕ್ಕೇನು ಕೊರತೆ?

ನಕ್ಷತ್ರ ನೋಡುವುದನ್ನು, ಅವುಗಳ ಫೋಟೋ ತೆಗೆಯುವುದನ್ನು ಕಲಿಯಬೇಕೆಂದು ಯಾರಾದರೂ ಕೇಳಿದರೆ ಬಲ್ಲವರ ಬಾಯಿಂದ ಬರುವ ಮೊದಲ ಉತ್ತರ ಈಗ ಹೆಚ್ಚುಕಡಿಮೆ ಒಂದೇ: ಊರು ಬಿಟ್ಟು ಹೋಗಿ. ಬೆಂಗಳೂರಿನಲ್ಲಿ ಏನೂ ಕಾಣುವುದಿಲ್ಲ, ಮೈಸೂರು, ಹುಬ್ಬಳ್ಳಿಗಳದ್ದೂ ಅದೇ ಪಾಡು. ಕೊಡಗಿನ ಎಸ್ಟೇಟಿಗೋ ಚಿತ್ರದುರ್ಗದಾಚೆಯ ಬಯಲಿಗೋ ಹೋಗಿ, ಸಾಧ್ಯವಾದರೆ ಲಡಾಖಿನ ಹಾನ್ಲೆಗೇ ಹೋಗಿ. 2022ರ ಕೊನೆಯಲ್ಲಿ ಹಾನ್ಲೆಯ ಸುತ್ತಮುತ್ತ ಕತ್ತಲ ಆಕಾಶದ ಮೀಸಲು ಪ್ರದೇಶ ಘೋಷಣೆಯಾದ ಮೇಲಂತೂ ಈ ಮಾತಿಗೆ ಇನ್ನಷ್ಟು ಬಲ ಬಂದಿದೆ. ಕೇಳಿದವರು ತಲೆಯಾಡಿಸಿ ಮನೆಗೆ ಹೋಗುತ್ತಾರೆ. ರಜೆ, ಗಾಡಿ, ದುಡ್ಡು, ಅಮಾವಾಸ್ಯೆ, ಮೋಡವಿಲ್ಲದ ರಾತ್ರಿ ಎಲ್ಲ ಒಟ್ಟಿಗೆ ಕೂಡಿಬರುವ ದಿನಕ್ಕೆ ಕಾಯುತ್ತಾರೆ. ಬಹಳ ಮಂದಿಯ ಪಾಲಿಗೆ ಆ ದಿನ ಬರುವುದೇ ಇಲ್ಲ.

ಸಲಹೆ ಕೊಟ್ಟವರ ಮನಸ್ಸು ಒಳ್ಳೆಯದೇ. ಆದರೂ ಹೊಸಬರ ಮಟ್ಟಿಗೆ ಇದು ತಪ್ಪು ಸಲಹೆ ಎಂದೇ ನಾನು ತಿಳಿದಿದ್ದೇನೆ. ಕಲಿಯುವವರಿಗೆ ಮೊದಲು ಬೇಕಾದದ್ದು ದಿನವೂ ಸಿಗುವ ಆಕಾಶ. ಅದು ಎಷ್ಟು ಕಪ್ಪಗಿದೆ ಎಂಬುದು ಆಮೇಲಿನ ಪ್ರಶ್ನೆ.

ಆಕಾಶದ ಮೊದಲ ಪಾಠವೇ ದಿನದಿಂದ ದಿನಕ್ಕೆ ಆಗುವ ಸರಿದಾಟ. ನಕ್ಷತ್ರಗಳ ಲೆಕ್ಕದಲ್ಲಿ ಭೂಮಿ ಒಂದು ಸುತ್ತು ತಿರುಗಲು 23 ಗಂಟೆ 56 ನಿಮಿಷ ಸಾಕು. ಹಾಗಾಗಿ ಪ್ರತಿ ನಕ್ಷತ್ರವೂ ನಿನ್ನೆಗಿಂತ ಇಂದು ನಾಲ್ಕು ನಿಮಿಷ ಮುಂಚೆ ಹುಟ್ಟುತ್ತದೆ. ತಿಂಗಳು ಕಳೆಯುವಷ್ಟರಲ್ಲಿ ಅದು ಎರಡು ಗಂಟೆಯಾಗುತ್ತದೆ. ಇದನ್ನು ಪುಸ್ತಕದಲ್ಲಿ ಓದಿ ಒಪ್ಪಿಕೊಳ್ಳಬಹುದು. ಆದರೆ ಡಿಸೆಂಬರಿನ ರಾತ್ರಿ ಎಂಟಕ್ಕೆ ಎದುರುಮನೆಯ ನೀರಿನ ಟ್ಯಾಂಕಿನ ಮೇಲೆ ಕಾಣಿಸಿದ ಮಹಾವ್ಯಾಧ ನಕ್ಷತ್ರಪುಂಜ, ಮಾರ್ಚಿನ ನಡುವೆ ಅದೇ ಎಂಟು ಗಂಟೆಗೆ ನೆತ್ತಿ ದಾಟಿ ಪಡುವಣಕ್ಕೆ ವಾಲಿರುವುದನ್ನು ಒಂದೇ ಜಾಗದಲ್ಲಿ ನಿಂತು ನೋಡಿದವರಿಗೆ ಮಾತ್ರ ಅದು ಮೈಗೂಡುತ್ತದೆ. ವರ್ಷಕ್ಕೊಮ್ಮೆ ಎಸ್ಟೇಟಿಗೆ ಹೋಗಿಬರುವವರಿಗೆ ಪ್ರತಿ ಸಲವೂ ಬೇರೆಯೇ ಆಕಾಶ ಎದುರಾಗುತ್ತದೆ. ಅವರು ಪ್ರತಿ ಸಲ ಮೊದಲಿನಿಂದಲೇ ಶುರುಮಾಡಬೇಕು.

ಇನ್ನೊಂದು ವಿಚಾರವನ್ನು ಕತ್ತಲ ಪಕ್ಷದವರು ಹೇಳುವುದೇ ಇಲ್ಲ. ನಿಜವಾದ ಕತ್ತಲಲ್ಲಿ ಬರಿಗಣ್ಣಿಗೆ ಸಾವಿರಾರು ನಕ್ಷತ್ರಗಳು ಒಟ್ಟಿಗೆ ಬೀಳುತ್ತವೆ. ಅದು ಎದೆ ತುಂಬುವ ನೋಟ, ಸಂದೇಹವಿಲ್ಲ. ಆದರೆ ಆ ಜಂಗುಳಿಯಲ್ಲಿ ರೋಹಿಣಿ ಯಾವುದು, ಆರ್ದ್ರಾ ಯಾವುದು ಎಂದು ಹೊಸಬರು ತಡಕಾಡುತ್ತಾರೆ. ನಗರದ ಬೆಳಕು ಸಣ್ಣ ನಕ್ಷತ್ರಗಳನ್ನು ನುಂಗಿ, ಪ್ರಖರವಾದವನ್ನಷ್ಟೇ ಉಳಿಸುತ್ತದೆ: ಲುಬ್ಧಕ, ಅಗಸ್ತ್ಯ, ಸ್ವಾತಿ, ಚಿತ್ರಾ, ಜ್ಯೇಷ್ಠಾ. ಆಕಾಶದ ಅಸ್ಥಿಪಂಜರ ಕಣ್ಣಿಗೆ ಕಟ್ಟುತ್ತದೆ. ಜಿ.ಟಿ. ನಾರಾಯಣರಾಯರಂಥವರು ಕನ್ನಡದಲ್ಲೇ ಬರೆದುಕೊಟ್ಟ ಆಕಾಶದ ಪರಿಚಯವನ್ನು ಹಿಡಿದೋ, ಮೊಬೈಲಿನಲ್ಲಿ ಸ್ಟೆಲೇರಿಯಂ ಎಂಬ ಆಕಾಶ ನಕಾಶೆಯ ಆ್ಯಪ್ ತೆರೆದೋ ತಾರಸಿ ಹತ್ತಿದರೆ ಒಂದು ಚಳಿಗಾಲ, ಒಂದು ಬೇಸಿಗೆಯಲ್ಲಿ ಈ ಹೆಸರುಗಳೆಲ್ಲ ನೆಂಟರಾಗುತ್ತವೆ.

ಹಾಗೆ ನೆಂಟರಾದವರಿಗೆ ಏನು ಸಿಗುತ್ತದೆ ಎಂಬುದಕ್ಕೆ 2019ರ ಕೊನೆಯಿಂದ 2020ರ ಫೆಬ್ರವರಿವರೆಗಿನ ತಿಂಗಳುಗಳನ್ನು ನೆನೆಯಬೇಕು. ಮಹಾವ್ಯಾಧನ ಭುಜದ ಆರ್ದ್ರಾ ನಕ್ಷತ್ರ ಆಗ ಮಂಕಾಗುತ್ತ ಹೋಗಿ, ಎಂದಿನ ಹೊಳಪಿನ ಅರ್ಧಕ್ಕೂ ಕಡಿಮೆಯಾಗಿ, ಇನ್ನೊಂದು ಭುಜದ ಬೆಲಾಟ್ರಿಕ್ಸಿನ ಮಟ್ಟಕ್ಕೆ ಇಳಿಯಿತು. ನಕ್ಷತ್ರ ಉಗುಳಿದ ಅನಿಲ ತಣಿದು ಧೂಳಾಗಿ ಅದರ ಮುಖವನ್ನೇ ಮುಚ್ಚಿದ್ದು ಕಾರಣ ಎಂದು ಆಮೇಲೆ ಗೊತ್ತಾಯಿತು. ಅಷ್ಟು ದೊಡ್ಡ ಘಟನೆಯನ್ನು ನೋಡಲು ದೂರದರ್ಶಕ ಬೇಕಿರಲಿಲ್ಲ, ಕತ್ತಲೂ ಬೇಕಿರಲಿಲ್ಲ. ಮೆಜೆಸ್ಟಿಕ್ಕಿನ ನಡುವೆ ನಿಂತರೂ ಕಾಣುತ್ತಿತ್ತು. ಹಿಂದಿನ ವರ್ಷ ಆ ಎರಡು ಭುಜಗಳ ಹೊಳಪಿನಲ್ಲಿ ಎಷ್ಟು ವ್ಯತ್ಯಾಸವಿತ್ತು ಎಂಬ ನೆನಪೊಂದಿದ್ದರೆ ಸಾಕಿತ್ತು. ಇಂಥ ನೆನಪಿನ ಮೇಲೇ ಬದುಕು ಕಟ್ಟಿದವರು ನಮ್ಮಲ್ಲಿದ್ದರು: ಅವಿಭಜಿತ ಬಂಗಾಳದ ಜೆಸ್ಸೋರಿನ ಸರ್ಕಾರಿ ಖಜಾನೆಯಲ್ಲಿ ಕೆಲಸಕ್ಕಿದ್ದ ರಾಧಾಗೋವಿಂದ ಚಂದ್ರ. 1918ರಲ್ಲಿ ಗರುಡ ರಾಶಿಯಲ್ಲಿ ಹೊಸ ನಕ್ಷತ್ರ ಕಾಣಿಸಿಕೊಂಡಾಗ ಅದನ್ನು ತಾವಾಗಿಯೇ ಗುರುತಿಸಿದವರು. ಮುಂದೆ ಅಮೆರಿಕದ ಚರ ನಕ್ಷತ್ರ ವೀಕ್ಷಕರ ಸಂಘಕ್ಕೆ ಮನೆಯಿಂದಲೇ ಸಾವಿರಾರು ಅಳತೆಗಳನ್ನು ಕಳಿಸಿದರು. ಆಕಾಶವನ್ನು ನಿತ್ಯ ನೋಡುವ ಅಭ್ಯಾಸ ಅವರ ದೊಡ್ಡ ಸಾಧನವಾಗಿತ್ತು.

ಮನೆಯಂಗಳದ ಆಕಾಶ ಎಂದೊಡನೆ ಇಂಗ್ಲೆಂಡು ಅಮೆರಿಕಗಳ ಪುಸ್ತಕಗಳನ್ನು ಓದಿದವರು ನಮ್ಮದನ್ನು ಕೀಳೆಂದು ಎಣಿಸುವುದುಂಟು. ಲೆಕ್ಕ ಬೇರೆಯೇ ಹೇಳುತ್ತದೆ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಗ್ರಹಗಳು ಸಾಗುವ ದಾರಿ ಎಷ್ಟೇ ದಕ್ಷಿಣಕ್ಕೆ ಇಳಿದರೂ ಮಧ್ಯಾಕಾಶಕ್ಕೆ ಬಂದಾಗ ನಮ್ಮ ದಿಗಂತದಿಂದ ಸುಮಾರು 53 ಡಿಗ್ರಿ ಮೇಲೇ ಇರುತ್ತದೆ. ಅದೇ ಲಂಡನ್ನಿನಲ್ಲಿ 15 ಡಿಗ್ರಿಗೆ ಕುಸಿದುಬಿಡುತ್ತದೆ. ಅಷ್ಟು ತಗ್ಗಿನಲ್ಲಿ ಗುರು ಶನಿಗಳ ಬೆಳಕು ದಪ್ಪ ಗಾಳಿಯ ಪದರ ತೂರಿಬರುವಾಗ ಕಲಕಿಹೋಗುತ್ತದೆ. ಚಂದ್ರ ಮತ್ತು ಗ್ರಹಗಳ ಫೋಟೋಕ್ಕೆ ಬೀದಿದೀಪಗಳಿಂದ ಯಾವ ತೊಂದರೆಯೂ ಇಲ್ಲ. ಗಾಳಿ ಅಲುಗದಿದ್ದರೆ ಸಾಕು. ಈ ಲೆಕ್ಕದಲ್ಲಿ ಜಯನಗರದ ತಾರಸಿ ಲಂಡನ್ನಿನ ಹಿತ್ತಲಿಗಿಂತ ಎಷ್ಟೋ ಮೇಲು. ದಕ್ಷಿಣದ ಕಡೆ ತೆರೆದ ಮೂಲೆಯಿದ್ದರೆ ಏಪ್ರಿಲ್, ಮೇ ತಿಂಗಳ ರಾತ್ರಿಗಳಲ್ಲಿ ಯುರೋಪಿನವರು ಹಡಗು ಹತ್ತಿ ಬಂದು ನೋಡಬೇಕಾಗಿದ್ದ ತ್ರಿಶಂಕು, ಅದಕ್ಕಿಂತ ಮೇಲೆ ಒಮೆಗಾ ಸೆಂಟೌರಿ ಎಂಬ ಮಹಾ ಗೋಳಗುಚ್ಛ ನಮಗೆ ಸಿಗುತ್ತವೆ. ಕಷ್ಟವೂ ಇದೆ: ಧ್ರುವ ನಕ್ಷತ್ರ ಇಲ್ಲಿ ಬರೇ 13 ಡಿಗ್ರಿ ಎತ್ತರದಲ್ಲಿದ್ದು ಯಾವುದಾದರೂ ಕಟ್ಟಡದ ಹಿಂದೆ ಮರೆಯಾಗಿರುತ್ತದೆ. ನಕ್ಷತ್ರಗಳನ್ನು ಹಿಂಬಾಲಿಸುವ ಟ್ರ್ಯಾಕರನ್ನು ಉತ್ತರಕ್ಕೆ ಸರಿಹೊಂದಿಸುವುದಕ್ಕೆ ಆಗಷ್ಟೇ ತೆಗೆದ ಫೋಟೋದಲ್ಲಿರುವ ನಕ್ಷತ್ರಗಳನ್ನೇ ಗುರುತಿಸಿ ದಿಕ್ಕು ಹೇಳುವ ತಂತ್ರಾಂಶದ ಮೊರೆಹೋಗಬೇಕು.

ಆದರೆ ಆ ಟ್ರ್ಯಾಕರ್ ಮೊದಲ ದಿನವೇ ಬೇಕೆ? ಇಲ್ಲಿಯೇ ನಗರದ ಆಕಾಶ ಹೊಸಬರ ಪರವಾಗಿ ಕೆಲಸ ಮಾಡುತ್ತದೆ. ಈ ಅಂಶವನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಭೂಮಿ ತಿರುಗುವುದರಿಂದ ಟ್ರೈಪಾಡಿನ ಮೇಲೆ ಸ್ಥಿರವಾಗಿಟ್ಟ ಕ್ಯಾಮೆರಾದಲ್ಲಿ ನಕ್ಷತ್ರಗಳು ಬೇಗ ಗೆರೆಗಳಾಗುತ್ತವೆ. 50 ಮಿಲಿಮೀಟರ್ ಲೆನ್ಸಿದ್ದರೆ ಐದಾರು ಸೆಕೆಂಡಿಗಿಂತ ಹೆಚ್ಚು ಹೊತ್ತು ಶಟರ್ ತೆರೆದಿಡುವುದು ಕಷ್ಟ. ಪ್ರತಿ ಫೋಟೋದಲ್ಲಿಯೂ ಕ್ಯಾಮೆರಾ ತನ್ನದೇ ಒಂದಿಷ್ಟು ಗದ್ದಲವನ್ನು ಸೇರಿಸುತ್ತದೆ. ಕಪ್ಪು ಆಕಾಶದಡಿ ಐದು ಸೆಕೆಂಡಿನಲ್ಲಿ ಬೀಳುವ ಬೆಳಕು ತೀರ ಕಡಿಮೆ. ಈ ಗದ್ದಲದ್ದೇ ಮೇಲುಗೈಯಾಗುತ್ತದೆ. ಅಲ್ಲಿ ದೀರ್ಘ ಎಕ್ಸ್‌ಪೋಷರ್ ಬೇಕು, ಅದಕ್ಕೆ ಟ್ರ್ಯಾಕರ್ ಬೇಕು. ನಗರದಲ್ಲಿ ಆಕಾಶದ ಹೊಳಪು ಕೆಲವೇ ಸೆಕೆಂಡುಗಳಲ್ಲಿ ಕ್ಯಾಮೆರಾದ ಗದ್ದಲವನ್ನು ಮುಳುಗಿಸಿಬಿಡುತ್ತದೆ. ಹಾಗಾಗಿ ಐದು ಸೆಕೆಂಡಿನ ನೂರು ಫೋಟೋಗಳನ್ನು ಜೋಡಿಸಿದರೂ ಐನೂರು ಸೆಕೆಂಡಿನ ಒಂದೇ ಫೋಟೋ ತೆಗೆದರೂ ಫಲದಲ್ಲಿ ದೊಡ್ಡ ವ್ಯತ್ಯಾಸವಿರುವುದಿಲ್ಲ. ಚಿಕ್ಕ ಚಿಕ್ಕ ಫೋಟೋಗಳಿಂದಲೇ ಕಲಿಕೆ ಶುರುಮಾಡಲು ಟ್ರೈಪಾಡ್ ಮಾತ್ರ ಇರುವವರಿಗೆ ನಗರವೇ ಹೇಳಿಮಾಡಿಸಿದ ಜಾಗ.

ಜೋಡಿಸುವ ಕೆಲಸಕ್ಕೆ ಡೀಪ್‌ಸ್ಕೈಸ್ಟ್ಯಾಕರ್, ಸಿರಿಲ್‌ನಂಥ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ತತ್ತ್ವ ಸರಳ. ಸಂತೆಯ ಗದ್ದಲದಲ್ಲಿ ಒಬ್ಬರು ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದರೆ ಕೊನೆಗೆ ಅದು ಕಿವಿಗೆ ಸ್ಪಷ್ಟವಾಗುವ ಹಾಗೆ, ನಕ್ಷತ್ರದ ಬೆಳಕು ಪ್ರತಿ ಫೋಟೋದಲ್ಲೂ ಅದೇ ಜಾಗದಲ್ಲಿ ಕೂಡುತ್ತ ಹೋಗುತ್ತದೆ; ಗದ್ದಲ ಅತ್ತಿತ್ತ ಚದುರಿ ಸಮವಾಗುತ್ತದೆ. ನೂರು ಫೋಟೋ ಸೇರಿದರೆ ಸ್ಪಷ್ಟತೆ ಹತ್ತು ಪಟ್ಟಾಗುತ್ತದೆ. ಸುಮಾರು 1,300 ಜ್ಯೋತಿರ್ವರ್ಷ ದೂರದ ಮಹಾವ್ಯಾಧ ನೀಹಾರಿಕೆ, ಕೃತ್ತಿಕೆಯ ಗುಂಪು, 25 ಲಕ್ಷ ಜ್ಯೋತಿರ್ವರ್ಷ ದೂರದ ದೇವಯಾನಿ ಗೆಲಾಕ್ಸಿಯ ನಡುಭಾಗ, ಇವೆಲ್ಲ ಹೀಗೆ ನಗರದ ತಾರಸಿಗೇ ಇಳಿದುಬರುತ್ತವೆ. ನಗರ ಕಠಿಣವಾದ ಮೇಷ್ಟರೂ ಹೌದು. ಆಕಾಶ ಹೊಳೆಯುತ್ತಿರುವುದರಿಂದ ಲೆನ್ಸಿನ ಧೂಳು, ಅಂಚುಗಳ ಮಬ್ಬು ಎಲ್ಲ ಎದ್ದುಕಾಣುತ್ತವೆ. ಅವನ್ನು ಸರಿಪಡಿಸಲು ಲೆನ್ಸಿನ ಬಾಯಿಗೆ ಬಿಳಿ ಬಟ್ಟೆ ಬಿಗಿದು ಮುಸ್ಸಂಜೆಯ ಬೆಳಕಿನಲ್ಲಿ ತೆಗೆಯುವ ಫ್ಲಾಟ್ ಫೋಟೋಗಳನ್ನು ಬಿಟ್ಟುಬಿಡಲು ಇಲ್ಲಿ ಸಾಧ್ಯವೇ ಇಲ್ಲ. ಕತ್ತಲಲ್ಲಿ ಕಲಿತವರು ಈ ಶಿಸ್ತನ್ನು ಎಷ್ಟೋ ಸಲ ತಡವಾಗಿ ಕಲಿಯುತ್ತಾರೆ.

ಕತ್ತಲಿನ ಬೆಲೆಯನ್ನು ನಾನು ಅಲ್ಲಗಳೆಯುತ್ತಿಲ್ಲ. ಮಹಾನಗರದ ನಡುವಿನ ಆಕಾಶ ಹಾನ್ಲೆಯಂಥ ಕಡೆಯ ಆಕಾಶಕ್ಕಿಂತ ನಾಲ್ಕು ಮ್ಯಾಗ್ನಿಟ್ಯೂಡಿನಷ್ಟು, ಅಂದರೆ ಸುಮಾರು 40 ಪಟ್ಟು ಹೆಚ್ಚು ಹೊಳೆಯುತ್ತದೆ. ಮಸುಕಾದ ಗೆಲಾಕ್ಸಿಯೊಂದರ ಫೋಟೋಕ್ಕೆ ಅಲ್ಲಿ ಒಂದು ಗಂಟೆ ಸಾಕಾದರೆ ಇಲ್ಲಿ ಅದೇ ಸ್ಪಷ್ಟತೆಗೆ 40 ಗಂಟೆ ಬೇಕು. ಆಕಾಶಗಂಗೆ ಬೆಂಗಳೂರಿನಿಂದ ಬರಿಗಣ್ಣಿಗೆ ಕಾಣುವುದಿಲ್ಲ. ಇದು ನಿಜವಾದ ನಷ್ಟ. ಹಿಂದೆ ಸೋಡಿಯಂ ದೀಪಗಳ ಹಳದಿ ಬೆಳಕನ್ನು ಮಾತ್ರ ತಡೆದರೆ ಸಾಕಾಗುತ್ತಿತ್ತು. ಈಗಿನ ಬಿಳಿ ಎಲ್‌ಇಡಿ ಎಲ್ಲ ಬಣ್ಣಗಳಲ್ಲಿಯೂ ಬೆಳಕು ಚೆಲ್ಲುವುದರಿಂದ ಆ ಹಳೆಯ ಫಿಲ್ಟರುಗಳಿಂದ ಹೆಚ್ಚಿನ ಉಪಯೋಗವಿಲ್ಲ. ಜಲಜನಕದ 656 ನ್ಯಾನೋಮೀಟರಿನ ಕೆಂಪನ್ನು ಮಾತ್ರ ಬಿಡುವ ಕಿರಿದಾದ ಫಿಲ್ಟರುಗಳು ನೀಹಾರಿಕೆಗಳಿಗೆ ನೆರವಾಗುತ್ತವೆ, ಗೆಲಾಕ್ಸಿಗಳಿಗೆ ಅಷ್ಟಾಗಿ ಇಲ್ಲ. ಇಷ್ಟೆಲ್ಲ ಒಪ್ಪಿದ ಮೇಲೂ ನನ್ನ ಮಾತು ಉಳಿಯುತ್ತದೆ. ಫೋಕಸ್ ಕೂರಿಸಲು ಬಾರದವರಿಗೆ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆಂದು ತಿಳಿಯದವರಿಗೆ, ಲೆನ್ಸಿನ ಮೇಲೆ ಇಬ್ಬನಿ ಕೂತರೆ ಏನು ಮಾಡಬೇಕೆಂದು ಗೊತ್ತಿಲ್ಲದವರಿಗೆ ಹಾನ್ಲೆಯ ಒಂದು ಗಂಟೆಯಲ್ಲಿ ಏನೂ ದಕ್ಕುವುದಿಲ್ಲ. ಅವರು ಅಲ್ಲಿ ಕೆಂಪು ಟಾರ್ಚ್ ಹಿಡಿದು ಕ್ಯಾಮೆರಾದ ಗುಂಡಿಗಳನ್ನು ಹುಡುಕುತ್ತ ರಾತ್ರಿ ಕಳೆಯುತ್ತಾರೆ. ಅಷ್ಟಕ್ಕೂ ಹಾನ್ಲೆಯ ಎರಡು ಮೀಟರ್ ದೂರದರ್ಶಕವನ್ನು ಬಳಸುವ ಖಗೋಳ ವಿಜ್ಞಾನಿಗಳು ಅದನ್ನು ನಡೆಸುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಕೂತು.

ಇತಿಹಾಸವೂ ಹಿತ್ತಲಿನ ಪರವಾಗಿಯೇ ಇದೆ. 1883ರಲ್ಲಿ ಲಂಡನ್ನಿನ ಅಂಚಿನ ಈಲಿಂಗಿನಲ್ಲಿ ಆಂಡ್ರೂ ಕಾಮನ್ ಎಂಬ ನೈರ್ಮಲ್ಯ ಎಂಜಿನಿಯರು ಮನೆಯ ತೋಟದಲ್ಲಿ ನಿಲ್ಲಿಸಿದ್ದ 36 ಅಂಗುಲದ ಕನ್ನಡಿಯಿಂದ ಮಹಾವ್ಯಾಧ ನೀಹಾರಿಕೆಯ ಫೋಟೋ ತೆಗೆದರು. ಕಣ್ಣಿಗೆ ಕಾಣದ ನಕ್ಷತ್ರಗಳನ್ನು ಫೋಟೋ ಹಿಡಿಯಬಲ್ಲದು ಎಂದು ಆ ಚಿತ್ರ ತೋರಿಸಿಕೊಟ್ಟಿತು. ಮರುವರ್ಷ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿ ಅವರಿಗೆ ಚಿನ್ನದ ಪದಕ ಕೊಟ್ಟಿತು. ಅಂದಿನ ಲಂಡನ್ನಿನಲ್ಲಿ ಇಂದಿನಷ್ಟು ಬೆಳಕಿರಲಿಲ್ಲ ನಿಜ. ಆದರೆ ಅಲ್ಲಿನ ಹೊಗೆ, ಮಂಜು, ಮೋಡಗಳು ಕಡಿಮೆಯೇನಿರಲಿಲ್ಲ.

ಊರು ಬಿಟ್ಟು ಹೋಗಿ ಎನ್ನುವಾಗ ಯಾರಿಗೆ ಹೇಳುತ್ತಿದ್ದೇವೆ ಎಂಬುದನ್ನೂ ಯೋಚಿಸಬೇಕು. ಹದಿನಾರು ವರ್ಷದ ಹುಡುಗಿಯೊಬ್ಬಳು ನಡುರಾತ್ರಿ ಕತ್ತಲ ಬಯಲಿಗೆ ಹೋಗುತ್ತೇನೆಂದರೆ ಎಷ್ಟು ಮನೆಗಳಲ್ಲಿ ಹೂಂ ಎನ್ನುತ್ತಾರೆ? ಬೆಳಗಿನ ಪಾಳಿಗೆ ಓಡಬೇಕಾದ ಗಾರ್ಮೆಂಟ್ಸ್ ಕೆಲಸದವರಿಗೆ, ಮಂಡಿನೋವಿನ ಅಜ್ಜನಿಗೆ, ಕಾರಿಲ್ಲದ ಕಾಲೇಜು ಹುಡುಗನಿಗೆ ಕತ್ತಲು ಎಂಬುದು ಉಳ್ಳವರ ವಸ್ತುವಾಗಿಬಿಡುತ್ತದೆ. ತಾರಸಿ ಹಾಗಲ್ಲ. ಅಲ್ಲಿಗೆ ಅಮ್ಮ ಕಂಕುಳಲ್ಲಿ ಮಗು ಎತ್ತಿಕೊಂಡು ಬರಬಹುದು, ಪಕ್ಕದ ಮನೆಯವರು ಇಣುಕಿ ಏನು ನೋಡ್ತಿದ್ದೀರಿ ಎಂದು ಕೇಳಬಹುದು. ಈ ವಿದ್ಯೆ ಹರಡಿದರೆ ಹಾಗೆ ಇಣುಕಿದವರ ಮೂಲಕವೇ ಹರಡಬೇಕು.

ಇಲ್ಲಿಗೆ ವಾದ ಮುಗಿಯಬಹುದಿತ್ತು, ಆದರೆ ನನ್ನನ್ನು ಹೆಚ್ಚು ಕಾಡುವುದು ಮುಂದಿನ ವಿಷಯ. ಆಕಾಶ ಕೆಟ್ಟಿತೆಂದು ಊರು ಬಿಟ್ಟವರು ಊರಿನ ಆಕಾಶವನ್ನು ಅಳೆಯುವುದಿಲ್ಲ. 2023ರ ಜನವರಿಯಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ, 2011ರಿಂದ 2022ರವರೆಗೆ ಜಗತ್ತಿನ ನಾನಾ ಕಡೆಯ ಸಾಮಾನ್ಯ ಜನ ತಮ್ಮ ತಮ್ಮ ಜಾಗಗಳಿಂದ ಎಷ್ಟು ಮಸುಕಿನ ನಕ್ಷತ್ರದವರೆಗೆ ಕಾಣುತ್ತದೆಂದು ವರದಿ ಮಾಡಿದ ಐವತ್ತು ಸಾವಿರಕ್ಕೂ ಹೆಚ್ಚು ವೀಕ್ಷಣೆಗಳನ್ನು ಒಟ್ಟುಗೂಡಿಸಿತು. ಆಕಾಶದ ಹೊಳಪು ವರ್ಷಕ್ಕೆ ಸರಾಸರಿ ಶೇಕಡಾ 9.6ರಷ್ಟು ಏರುತ್ತಿದೆ ಎಂದು ಅದರಿಂದ ತಿಳಿಯಿತು; ಎಂಟು ವರ್ಷದೊಳಗೆ ಎರಡು ಪಟ್ಟು ಎಂದ ಹಾಗಾಯಿತು. ಉಪಗ್ರಹಗಳು ಇದಕ್ಕಿಂತ ಬಹಳ ನಿಧಾನದ ಏರಿಕೆಯನ್ನು ತೋರಿಸುತ್ತಿದ್ದವು, ಏಕೆಂದರೆ ಎಲ್‌ಇಡಿ ದೀಪಗಳ ನೀಲಿ ಬೆಳಕು ಅವುಗಳ ಸಂವೇದಕಗಳಿಗೆ ಸರಿಯಾಗಿ ತಾಗುವುದಿಲ್ಲ, ಗೋಡೆಯಿಂದಲೂ ಫಲಕಗಳಿಂದಲೂ ಅಡ್ಡಕ್ಕೆ ಹೊರಡುವ ಬೆಳಕು ನೇರ ಮೇಲಿನಿಂದ ನೋಡುವವುಗಳಿಗೆ ಕಾಣುವುದಿಲ್ಲ. ಉಪಗ್ರಹ ಕಾಣದ್ದನ್ನು ತಮ್ಮದೇ ಊರಿನ ಬೆಳಕಿನಡಿ ನಿಂತು ತಲೆಯೆತ್ತಿದವರು ಕಂಡರು.

ಕರ್ನಾಟಕದ ಪ್ರತಿ ಜಿಲ್ಲಾ ಕೇಂದ್ರದಲ್ಲಿ ಇಂಥ ನಾಲ್ಕು ಜೊತೆ ಕಣ್ಣುಗಳಾದರೂ ಇರಬೇಕು. ಚಳಿಗಾಲದ ಚಂದ್ರನಿಲ್ಲದ ಸಂಜೆ ಮಹಾವ್ಯಾಧನ ಮೈಯೊಳಗೆ ಎಷ್ಟು ನಕ್ಷತ್ರ ಕಂಡವೆಂದು ಎಣಿಸಿ ಬರೆದಿಡುವುದಕ್ಕೆ ಕ್ಯಾಮೆರಾ ಕೂಡ ಬೇಡ. ಕ್ಯಾಮೆರಾ ಇದ್ದವರು ಒಂದೇ ಲೆನ್ಸು, ಒಂದೇ ಐಎಸ್‌ಒ, ಒಂದೇ ಶಟರ್ ಅವಧಿಯಲ್ಲಿ ನೆತ್ತಿಯ ಆಕಾಶದ ಫೋಟೋವನ್ನು ತಿಂಗಳಿಗೊಮ್ಮೆ ತೆಗೆದಿಡಲಿ. ರಸ್ತೆಗೆ ಹೊಸ ದೀಪಗಳು ಬಂದ ತಿಂಗಳು ಯಾವುದು, ಯಾವ ಕಂಬದ ಬೆಳಕು ನೆಲ ಬಿಟ್ಟು ಮೇಲಕ್ಕೆ ಹೋಗುತ್ತಿದೆ, ಯಾವ ಜಾಹೀರಾತು ಫಲಕ ರಾತ್ರಿಯಿಡೀ ಉರಿಯುತ್ತಿದೆ ಎಂಬುದು ಆ ಚಿತ್ರಗಳಲ್ಲಿ ದಾಖಲಾಗುತ್ತದೆ. ದೀಪಕ್ಕೆ ಮುಚ್ಚಳ ಹಾಕಿ, ಹಳದಿ ಛಾಯೆಯದನ್ನು ಹಾಕಿ, ನಡುರಾತ್ರಿಯ ಮೇಲೆ ತಗ್ಗಿಸಿ ಎಂದು ನಗರಸಭೆಗೆ ಅರ್ಜಿ ಕೊಡುವಾಗ ಜೊತೆಗಿಡಲು ಅಂಥ ಒಂದು ವರ್ಷದ ಫೋಟೋಗಳು ಬೇಕು, ಮತ್ತು ಅವನ್ನು ಆ ಬೀದಿಯಲ್ಲೇ ವಾಸವಿರುವವರು ತೆಗೆದಿರಬೇಕು.